ಸೇಂಟ್ ಲೂಯಿಸ್‌ನ ಶಾ ತೋಟ

ಮಿಸಿಸಿಪ್ಪಿ ನದಿಯ ಪಶ್ಚಿಮ ದಂಡೆಯಲ್ಲಿ ಸೇಂಟ್ ಲೂಯಿಸ್ ಊರನ್ನು 1764ರಲ್ಲಿ ಕಟ್ಟಿದವರು ಫ್ರೆಂಚ್ ವ್ಯಾಪಾರಿಗಳು. ಕಾಡುಪ್ರಾಣಿಗಳ ತುಪ್ಪುಳದ ತೊಗಲು ಅವರ ಮುಖ್ಯ ವ್ಯಾಪಾರ. 1803ರಲ್ಲಿ ಲೂಸಿಯಾನಾ ಪ್ರಾಂತ್ಯದ ಜೊತೆಗೆ ಊರು ಅಮೆರಿಕದ ಕೈಸೇರಿದ ಮೇಲೆ ಪಶ್ಚಿಮಕ್ಕೆ ಹೊರಟ ಒಕ್ಕಲುಗಳು, ಸಿಪಾಯಿಗಳು, ಬೇಟೆಗಾರರು ಇಲ್ಲೇ ತಂಗಿ ದಾರಿಗೆ ಬೇಕಾದ ಸಾಮಾನು ಕೊಳ್ಳತೊಡಗಿದರು. ಚಾಕು, ಕೊಡಲಿ, ಗರಗಸ, ಬೀಗ ಇಂಥವಕ್ಕೆಲ್ಲ ಮೇಲೆ ಬಿದ್ದು ಬರುವ ಗಿರಾಕಿಗಳು. 1819ರ ಮೇ ತಿಂಗಳಲ್ಲಿ ಸ್ಟೀಮರ್ ಇಳಿದು ಬಂದ ಹೆನ್ರಿ ಶಾ ಮಾರಲು ತಂದದ್ದೂ ಕಬ್ಬಿಣದ ಸಾಮಾನನ್ನೇ. ಹುಟ್ಟೂರು ಇಂಗ್ಲೆಂಡಿನ ಶೆಫೀಲ್ಡ್, ಚಾಕು-ಕತ್ತರಿಗಳಿಗೆ ಹೆಸರಾದ ಊರು. ಆಗ ಅವನಿಗೆ ಹತ್ತೊಂಬತ್ತು ಇನ್ನೂ ತುಂಬಿರಲಿಲ್ಲ.

ಇಪ್ಪತ್ತು ವರ್ಷ ಅಂಗಡಿ ನಡೆಸಿ, ನಲವತ್ತರ ಹೊಸ್ತಿಲಲ್ಲಿ ವ್ಯಾಪಾರ ಮುಚ್ಚಿದ. ಇನ್ನು ದುಡಿಯಬೇಕಾಗಿಲ್ಲ ಅನ್ನುವಷ್ಟು ಗಳಿಸಿದ್ದ. ಮದುವೆಯಾಗಲಿಲ್ಲ. ದುಡ್ಡನ್ನೆಲ್ಲ ನೆಲಕ್ಕೆ ಹಾಕಿ, ವರ್ಷಗಟ್ಟಲೆ ಯೂರೋಪು ಸುತ್ತಿದ. ಊರ ನೈರುತ್ಯಕ್ಕೆ 'ಪ್ರೇರಿ ದೆ ನಾಯೇ' ಎಂಬ ಬಯಲಿತ್ತು. ಫ್ರೆಂಚರ ಕಾಲದಲ್ಲಿ ಊರವರು ಕೂಡಿ ಸಾಗುವಳಿ ಮಾಡುತ್ತಿದ್ದ ಹೊಲಗಳ ನೆಲ, ಶಾ ಮೊದಲು ನೋಡಿದಾಗ ಮರವಿಲ್ಲದೆ ಆಳೆತ್ತರದ ಹುಲ್ಲು ಬೆಳೆದಿದ್ದ ಜಾಗ. ಅಲ್ಲೇ 1849ರಲ್ಲಿ ಜಾರ್ಜ್ ಬಾರ್ನೆಟ್ ಎಂಬ ವಾಸ್ತುಶಿಲ್ಪಿಯಿಂದ ಗೋಪುರವುಳ್ಳ ಮನೆ ಕಟ್ಟಿಸಿದ. ಪಕ್ಕದಲ್ಲಿ ಸಾಸಫ್ರಾಸ್ ಮರಗಳ ತೋಪಿತ್ತು. ಮನೆಗೆ ಟವರ್ ಗ್ರೋವ್ ಎಂದು ಹೆಸರಾಯಿತು.

1851ರಲ್ಲಿ ಮತ್ತೆ ಇಂಗ್ಲೆಂಡಿಗೆ ಹೋದಾಗ ಚಾಟ್ಸ್‌ವರ್ತ್ ಅರಮನೆಯ ಉದ್ಯಾನದಲ್ಲಿ ನಡೆಯುತ್ತಾ, ಇಂಥದೊಂದನ್ನು ನನ್ನ ಊರಲ್ಲೂ ಯಾಕೆ ಮಾಡಬಾರದು ಎಂಬ ಯೋಚನೆ ಅವನಿಗೆ ಹುಟ್ಟಿತಂತೆ. ಹಣವಂತರಿಗೆ ಇಂಥ ಯೋಚನೆ ಬರುವುದು ಅಪರೂಪವಲ್ಲ. ಶಾನ ದೊಡ್ಡತನ ಇರುವುದು, ತನಗೆ ಗೊತ್ತಿಲ್ಲದ್ದನ್ನು ಗೊತ್ತಿದ್ದವರನ್ನು ಕೇಳಿದ್ದರಲ್ಲಿ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ನಿರ್ದೇಶಕ ವಿಲಿಯಂ ಹೂಕರ್‌ಗೆ ಪತ್ರ ಬರೆದ. ಹೂಗಿಡ ಬೆಳೆಸಿದರೆ ಸಾಲದು, ಒಣಸಸ್ಯಗಳ ಸಂಗ್ರಹವೂ ಗ್ರಂಥಾಲಯವೂ ಇರಬೇಕು ಎಂದು ಹೂಕರ್ ಹೇಳಿದಾಗ ಒಪ್ಪಿಕೊಂಡ. ಸೇಂಟ್ ಲೂಯಿಸ್‌ನಲ್ಲೇ ವೈದ್ಯ ವೃತ್ತಿಯಲ್ಲಿದ್ದ ಜರ್ಮನ್ ಸಸ್ಯವಿಜ್ಞಾನಿ ಜಾರ್ಜ್ ಎಂಗೆಲ್ಮನ್ ಯೂರೋಪಿಗೆ ಹೋದಾಗ, 1857ರಲ್ಲಿ, ಎರ್ಫರ್ಟ್ ಊರಿನ ಬರ್ನ್‌ಹಾರ್ಡಿ ಎಂಬ ವಿದ್ವಾಂಸ ಬಿಟ್ಟುಹೋಗಿದ್ದ ಸಾವಿರಾರು ಒಣಸಸ್ಯಗಳ ಸಂಗ್ರಹವನ್ನು ಶಾ ಪರವಾಗಿ ಕೊಂಡು ತಂದ. ಈ ಎಂಗೆಲ್ಮನ್‌ನ ಬಗ್ಗೆಯೇ ಬೇರೆ ಲೇಖನ ಬರೆಯಬಹುದು: ಮುಂದೆ ಫ್ರಾನ್ಸಿನ ದ್ರಾಕ್ಷಿ ತೋಟಗಳು ಬೇರು ತಿನ್ನುವ ಕೀಟದಿಂದ ಹಾಳಾಗುತ್ತಿದ್ದಾಗ, ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಕಸಿ ಕಟ್ಟಿ ಅವನ್ನು ಉಳಿಸಿದ ಕೆಲಸದಲ್ಲಿ ಅವನ ತಿಳಿವಳಿಕೆಯ ಪಾಲಿದೆ.

1859ರ ಜೂನ್‌ನಲ್ಲಿ ತೋಟದ ಬಾಗಿಲು ಜನರಿಗೆ ತೆರೆಯಿತು. ಹೆಸರು ಮಿಸ್ಸೌರಿ ಬೊಟಾನಿಕಲ್ ಗಾರ್ಡನ್, ಊರವರ ಬಾಯಲ್ಲಿ ಮಾತ್ರ ಶಾ ತೋಟ. ಇದೇ ಹೊತ್ತಿಗೆ ನಮ್ಮ ಬೆಂಗಳೂರಿನ ಲಾಲ್‌ಬಾಗ್ ಕೂಡ ಹೊಸ ರೂಪ ಪಡೆಯುತ್ತಿತ್ತು. 1856ರಲ್ಲಿ ಅದು ಸರ್ಕಾರಿ ತೋಟವಾಯಿತು, 1858ರಲ್ಲಿ ಕ್ಯೂನಿಂದಲೇ ವಿಲಿಯಂ ನ್ಯೂ ಮೇಲ್ವಿಚಾರಕನಾಗಿ ಬಂದ. ಎರಡು ತೋಟಗಳೂ ಒಂದೇ ಮನೆಯ ಬುದ್ಧಿವಾದ ಕೇಳಿ ಬೆಳೆದವು. ಅಲ್ಲಿ ಕೊಟ್ಟದ್ದು ಒಬ್ಬ ವ್ಯಾಪಾರಿ, ಇಲ್ಲಿ ನಡೆಸಿದ್ದು ಸರ್ಕಾರ, ಅಷ್ಟೇ ವ್ಯತ್ಯಾಸ.

ಶಾ ತೋಟ ಸಸ್ಯಶಾಸ್ತ್ರಕ್ಕಾಯಿತು. ದುಡಿದು ದಣಿದು ಬಂದವರು ಹುಲ್ಲಿನ ಮೇಲೆ ಕಾಲು ಚಾಚುವುದಕ್ಕೆ ಬೇರೆ ಜಾಗ ಬೇಕಿತ್ತು. ತೋಟಕ್ಕೆ ತಾಗಿಕೊಂಡೇ ಇದ್ದ ಸುಮಾರು 280 ಎಕರೆ ನೆಲವನ್ನು ಶಾ 1868ರಲ್ಲಿ ನಗರಕ್ಕೆ ಬರೆದುಕೊಟ್ಟ. 1872ರಲ್ಲಿ ತೆರೆದ ಟವರ್ ಗ್ರೋವ್ ಪಾರ್ಕ್ ಅದೇ. ಉದ್ದಕ್ಕೂ ಸಾಲುಮರ, ನಡುನಡುವೆ ಬಿಸಿಲಿಗೂ ಮಳೆಗೂ ಆಸರೆಯಾಗುವ ಮಂಟಪಗಳು. ತುರ್ಕಿ ಶೈಲಿಯದೊಂದು, ಚೀನೀ ಶೈಲಿಯದೊಂದು, ಹೀಗೆ ಪ್ರತಿಯೊಂದಕ್ಕೂ ಬೇರೆ ಬಣ್ಣ, ಬೇರೆ ಛಾವಣಿ. 1867ರಲ್ಲಿ ಊರಿನ ಲಿಂಡೆಲ್ ಹೋಟೆಲು ಸುಟ್ಟು ಬಿದ್ದಿತ್ತು. ಅದರ ಕೆತ್ತಿದ ಕಲ್ಲುಗಳನ್ನು ತರಿಸಿ ಕೊಳದ ದಂಡೆಯಲ್ಲಿ ಹಾಳು ಕಟ್ಟಡದಂತೆ ಜೋಡಿಸಿದರು. ಊರಿನ ನಷ್ಟದ ಕಲ್ಲು ಊರಿನ ಮಕ್ಕಳು ಹತ್ತಿ ಆಡುವ ಜಾಗವಾಯಿತು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಸಸ್ಯೋದ್ಯಾನದಲ್ಲಿ ಪಳಗಿ ಬಂದಿದ್ದ ಜೇಮ್ಸ್ ಗರ್ನಿ ಎಂಬ ತೋಟಗಾರ ಈ ಪಾರ್ಕಿನ ಕೊಳಗಳಲ್ಲಿ ನೈದಿಲೆಗಳನ್ನು ಅರಳಿಸಿದ.

ಶಾ ಕಲೆಯನ್ನು ಕಟ್ಟಡದೊಳಗೆ ಕೂಡಿಹಾಕಲಿಲ್ಲ. ಮ್ಯೂನಿಕ್ ನಗರದ ಫರ್ಡಿನಾಂಡ್ ಫಾನ್ ಮಿಲ್ಲರ್‌ನಿಂದ ಕಂಚಿನ ಪ್ರತಿಮೆಗಳನ್ನು ಮಾಡಿಸಿ ಪಾರ್ಕಿನ ದಾರಿಗಳಲ್ಲೇ ನಿಲ್ಲಿಸಿದ. 1878ರಲ್ಲಿ ಶೇಕ್ಸ್‌ಪಿಯರ್ ಬಂದ, ಅದೇ ವರ್ಷ ನಿಸರ್ಗವಿಜ್ಞಾನಿ ಹಂಬೋಲ್ಟ್ ಬಂದ, 1886ರಲ್ಲಿ ಕೊಲಂಬಸ್ ಬಂದ. ಎಲ್ಲಕ್ಕಿಂತ ಹೆಚ್ಚು ನನ್ನ ಮನಸ್ಸು ನಿಲ್ಲುವುದು ಪಾರ್ಕಿನ ಸಂಗೀತ ಮಂಟಪದಲ್ಲಿ. ಬ್ಯಾಂಡಿನವರು ಕೂತು ನುಡಿಸಲು ಎತ್ತರದ ಕಟ್ಟೆ, ಮೇಲೊಂದು ಛಾವಣಿ, ಸುತ್ತಲೂ ಅಮೃತಶಿಲೆಯ ಪ್ರತಿಮೆಗಳು: ಮೊಜಾರ್ಟ್, ಬೀಥೋವನ್, ರೊಸ್ಸಿನಿ, ವ್ಯಾಗ್ನರ್, ವೆರ್ಡಿ, ಗೂನೋ. ಇವು ನಿಂತ ಕಾಲಕ್ಕೆ ವೆರ್ಡಿ, ಗೂನೋ ಇನ್ನೂ ಬದುಕಿದ್ದು ಹೊಸದನ್ನು ರಚಿಸುತ್ತಿದ್ದರು. ಜರ್ಮನ್ ವಲಸಿಗರು ತುಂಬಿಕೊಂಡಿದ್ದ ಊರಲ್ಲಿ, ಟಿಕೆಟ್ ಇಲ್ಲದೆ, ಬಟ್ಟೆಬರೆಯ ಕಟ್ಟಳೆಯಿಲ್ಲದೆ, ಕೂಲಿಯವನೂ ಆ ಸಂಗೀತ ಕೇಳಬಹುದಿತ್ತು. ಬೇಸಿಗೆಯ ಸಂಜೆಗಳಲ್ಲಿ ಬ್ಯಾಂಡ್ ಕಛೇರಿ ಅಲ್ಲಿ ಈಗಲೂ ನಡೆಯುತ್ತದೆ.

ಕೊಟ್ಟದ್ದಕ್ಕಿಂತ ಕೊಟ್ಟ ಬಗೆ ದೊಡ್ಡದು ಅನ್ನಿಸುವುದು ಅವನ ದಾನಪತ್ರದ ಷರತ್ತುಗಳನ್ನು ಓದಿದಾಗ. ನೆಲ ಎಂದೆಂದಿಗೂ ಪಾರ್ಕಾಗಿಯೇ ಇರಬೇಕು. ನಿರ್ವಹಣೆಗೆ ನಗರ ವರ್ಷ ವರ್ಷವೂ ಹಣ ಕೊಡಬೇಕು. ಆಡಳಿತ ನೋಡುವ ಮಂಡಳಿಯನ್ನು ನಗರಸಭೆಯಲ್ಲ, ರಾಜ್ಯದ ಸುಪ್ರೀಂ ಕೋರ್ಟು ನೇಮಿಸಬೇಕು. ಚುನಾವಣೆಯಲ್ಲಿ ಯಾರು ಗೆದ್ದರೂ ಸೋತರೂ ಮರಗಳಿಗೆ ನೀರು ನಿಲ್ಲಬಾರದು ಎಂಬ ಮುಂದಾಲೋಚನೆ ಅದು. ಪಾರ್ಕಿನ ಸುತ್ತ 200 ಅಡಿ ಅಗಲದ ಪಟ್ಟಿಯನ್ನು ತನ್ನ ಕೈಯಲ್ಲೇ ಇಟ್ಟುಕೊಂಡ. ಅಲ್ಲಿ ಮನೆ ಕಟ್ಟಿಕೊಳ್ಳುವವರು ಕೊಡುವ ಗುತ್ತಿಗೆ ಹಣ ತೋಟದ ಖರ್ಚಿಗೆ ಬರಲಿ ಎಂದು. ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದವರು ಜೊತೆಗೇ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಗದ್ದೆ ಬಿಟ್ಟದ್ದು ಕಾಣುತ್ತದೆ. ಆ ಗದ್ದೆಯ ಹುಟ್ಟುವಳಿಯಲ್ಲಿ ಹೂಳು ತೆಗೆಸಬೇಕು, ಏರಿ ಬಿಗಿ ಮಾಡಬೇಕು. ಶಾ ಮಾಡಿದ್ದು ಇದೇ ಕ್ರಮ. ಇವತ್ತು ಯಾರೋ ಕೊಟ್ಟ ದುಡ್ಡಿನಲ್ಲಿ ನಮ್ಮ ಬಡಾವಣೆಗಳಲ್ಲಿ ಕಾರಂಜಿ ಎದ್ದು, ಎರಡನೆಯ ವರ್ಷ ಪಂಪು ಕೆಟ್ಟು ಪಾಚಿ ಕಟ್ಟುವುದನ್ನು ನೋಡುವಾಗ ಆ 200 ಅಡಿಯ ಪಟ್ಟಿ ನೆನಪಾಗುತ್ತದೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಈ ಊರಿಗೆ ಅನ್ಯಾಯ ಮಾಡಿದಂತೆ. ಮಿಸ್ಸೌರಿಯಲ್ಲಿ ಆಗ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಶಾ 1828ರಿಂದ ಮನುಷ್ಯರನ್ನು ಕೊಂಡಿದ್ದ. 1850ರ ದಶಕದಲ್ಲಿ ಒಂದು ಹಂತಕ್ಕೆ 11 ಮಂದಿ ಅವನ ಸ್ವತ್ತಾಗಿದ್ದರು. ಅವರಲ್ಲಿ ಒಬ್ಬಾಕೆ ಎಸ್ತರ್. 1855ರ ಮೇ 21ರ ರಾತ್ರಿ ಆಕೆ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು, ಬೇರೆ ಮನೆಗಳ ಗುಲಾಮರೊಂದಿಗೆ ದೋಣಿ ಹತ್ತಿ ಮಿಸಿಸಿಪ್ಪಿ ದಾಟಿದಳು. ಆಚೆ ದಡ ಇಲಿನಾಯ್, ಗುಲಾಮಗಿರಿ ಇಲ್ಲದ ನೆಲ. ದಾಟಿಸಲು ನೆರವಾದವಳು ಮೇರಿ ಮೀಚಮ್ ಎಂಬ ಕಪ್ಪು ಮಹಿಳೆ. ಆಕೆಯ ಗಂಡ ಜಾನ್ ಬೆರಿ ಮೀಚಮ್ ಪಾದ್ರಿ. ಕಪ್ಪು ಜನರಿಗೆ ಓದು ಕಲಿಸಬಾರದೆಂದು 1847ರಲ್ಲಿ ಮಿಸ್ಸೌರಿ ಕಾನೂನು ಮಾಡಿದಾಗ, ನದಿಯ ಮೇಲೆ ರಾಜ್ಯದ ಕಾನೂನು ನಡೆಯದೆಂದು ಹಡಗಿನಲ್ಲೇ ಶಾಲೆ ನಡೆಸಿದನೆಂದು ಊರಿನವರು ಹೇಳುತ್ತಾರೆ. ಅಂದು ರಾತ್ರಿ ಆಚೆ ದಡದಲ್ಲಿ ಕಾವಲಿನವರು ಹೊಂಚು ಹಾಕಿದ್ದರು. ಕೆಲವರು ತಪ್ಪಿಸಿಕೊಂಡರು, ಎಸ್ತರ್ ಮತ್ತು ಮಕ್ಕಳು ಸಿಕ್ಕಿಬಿದ್ದರು. ಮೇರಿ ಮೀಚಮ್ ಮೇಲೆ ಮೊಕದ್ದಮೆ ಹೂಡಿದರು. ಶಾ ಎಸ್ತರಳನ್ನು ದಕ್ಷಿಣದ ವಿಕ್ಸ್‌ಬರ್ಗ್‌ಗೆ ಮಾರಿಸಿದ. ಮಕ್ಕಳು ತಾಯಿಯಿಂದ ಬೇರೆಯಾದರು.

ಹೂಕರ್ ಜೊತೆ ಪತ್ರವ್ಯವಹಾರ ನಡೆದದ್ದು ಇದರ ಮರುವರ್ಷ. ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು ಎಂಬ ಸಮಾಧಾನ ಇಲ್ಲಿ ಒಪ್ಪುವುದಿಲ್ಲ, ಯಾಕೆಂದರೆ ಅದೇ ಊರಲ್ಲಿ, ಅದೇ ವರ್ಷ, ಮೇರಿ ಮೀಚಮ್ ಕೂಡ ಇದ್ದಳು. ಗಿಡವೊಂದರ ನೆಲೆ, ಹವೆ, ಬೇರು ಎಲ್ಲವನ್ನೂ ತಿಳಿದುಕೊಳ್ಳುವ ತಾಳ್ಮೆಯಿದ್ದ ಮನುಷ್ಯ ಒಬ್ಬ ತಾಯಿಯನ್ನು ಬೇರುಸಹಿತ ಕಿತ್ತು ಮಾರಿದ. ತೋಟದ ಉಪಕಾರ ನೆನೆಯುವವರು ಇದನ್ನೂ ಅದೇ ಉಸಿರಿನಲ್ಲಿ ಹೇಳಬೇಕು ಎಂಬುದು ನನ್ನ ಖಚಿತ ನಿಲುವು. ಊರೂ ಈಗ ಹೇಳತೊಡಗಿದೆ. ಎಸ್ತರ್ ಮತ್ತು ಜೊತೆಯವರು ನದಿ ದಾಟಿದ ಜಾಗವನ್ನು 2001ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ ಸ್ವಾತಂತ್ರ್ಯದ ಹಾದಿಯ ತಾಣವೆಂದು ಗುರುತಿಸಿತು, ಅದಕ್ಕೆ ಮೇರಿ ಮೀಚಮ್ ಹೆಸರಿದೆ. ಶಾ ಗುಲಾಮರನ್ನು ಇಟ್ಟುಕೊಂಡಿದ್ದ ಸಂಗತಿಯನ್ನು ತೋಟದ ಸಂಸ್ಥೆಯೇ ಬಿಚ್ಚಿ ಹೇಳುತ್ತದೆ. ಹಳೆಯದನ್ನು ಹೀಗೆ ಮರುನೋಡುವ ಹೊತ್ತಿನಲ್ಲೇ ಪಾರ್ಕಿನ ಕೊಲಂಬಸ್ ಪ್ರತಿಮೆಯನ್ನೂ 2020ರಲ್ಲಿ ತೆಗೆದರು.

ಶಾ ತೀರಿಕೊಂಡದ್ದು 1889ರ ಆಗಸ್ಟ್ 25ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ. ತೋಟದೊಳಗೇ ಅವನ ಸಮಾಧಿ ಇದೆ. ಮಿಲ್ಲರ್ ಕೆತ್ತಿದ ಅಮೃತಶಿಲೆಯ ಮೂರ್ತಿ ಕೈಯಲ್ಲಿ ಗುಲಾಬಿ ಹಿಡಿದು ಮಲಗಿದೆ. ಅವನ ಉಯಿಲು ಅವನಷ್ಟೇ ವಿವರಪ್ರಿಯ. ಪೇಟೆಯಲ್ಲಿದ್ದ ತನ್ನ ಮನೆಯನ್ನು ಬಿಚ್ಚಿ ತಂದು ತೋಟದಲ್ಲಿ ಕಟ್ಟಬೇಕೆಂದ, 1891ರಲ್ಲಿ ಕಟ್ಟಿದರು. ಹೂಗಳ ಬೆಳವಣಿಗೆಯಲ್ಲಿ ಕಾಣುವ ದೇವರ ಕರುಣೆಯ ಬಗ್ಗೆ ವರ್ಷಕ್ಕೊಮ್ಮೆ ಚರ್ಚಿನಲ್ಲಿ ಪ್ರವಚನ ನಡೆಯಲಿ ಎಂದು ಹಣ ಇಟ್ಟ. ತೋಟಗಾರರಿಗೆ ವರ್ಷಕ್ಕೊಂದು ಔತಣ ಎಂದು ಬರೆದ. ತೋಟದ ಆಡಳಿತ ಮಂಡಳಿಯಲ್ಲಿ ನಗರದ ಮೇಯರ್, ಬಿಷಪ್, ಶಾಲಾ ಮಂಡಳಿಯ ಅಧ್ಯಕ್ಷ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಕುಲಪತಿ, ವಿಜ್ಞಾನ ಅಕಾಡೆಮಿಯ ಅಧ್ಯಕ್ಷ ಇವರೆಲ್ಲ ತಮ್ಮ ಹುದ್ದೆಯ ದೆಸೆಯಿಂದಲೇ ಸದಸ್ಯರಾಗಬೇಕೆಂದ.

ಆ ಮಂಡಳಿಗೆ ಕಷ್ಟದ ದಿನಗಳೂ ಬಂದವು. ಊರಿನ ಕಾರ್ಖಾನೆಗಳೂ ಮನೆಗಳೂ ಇಲಿನಾಯ್‌ನ ಅಗ್ಗದ ಕಲ್ಲಿದ್ದಲು ಸುಟ್ಟು, 1920ರ ದಶಕದ ಹೊತ್ತಿಗೆ ಹೊಗೆ ಎಷ್ಟು ಮುಸುಕಿತೆಂದರೆ ಆರ್ಕಿಡ್‌ಗಳು ಸಾಯತೊಡಗಿದವು. 1925ರಲ್ಲಿ ಊರಾಚೆ ಗ್ರೇ ಸಮ್ಮಿಟ್ ಬಳಿ ನೆಲ ಕೊಂಡು ಅವನ್ನು ಅಲ್ಲಿಗೆ ಸಾಗಿಸಿದರು. ಇಡೀ ತೋಟವನ್ನೇ ಎತ್ತಿಕೊಂಡು ಹೋಗುವ ಮಾತೂ ನಡೆಯಿತು. 1940ರಲ್ಲಿ ನಗರ ಹೊಗೆ ತಡೆಯುವ ಕಟ್ಟುನಿಟ್ಟಿನ ಕಾಯಿದೆ ತಂದಿತು. ತೋಟ ತನ್ನ ಜಾಗದಲ್ಲೇ ಉಳಿಯಿತು, ಗ್ರೇ ಸಮ್ಮಿಟ್ಟಿನ ನೆಲ ಈಗ ಕಾಡುಗಿಡಗಳ ರಕ್ಷಿತ ಪ್ರದೇಶ. 1960ರಲ್ಲಿ ಕ್ಲೈಮಟ್ರಾನ್ ಎದ್ದಿತು: ಒಳಗೆ ಒಂದು ಕಂಬವೂ ಇಲ್ಲದ, ತ್ರಿಕೋನಗಳಿಂದ ಹೆಣೆದ ಗುಮ್ಮಟ, ಅದರಡಿ ಉಷ್ಣವಲಯದ ಕಾಡು. ಹೊರಗೆ ಹಿಮ ಸುರಿಯುವಾಗ ಒಳಗೆ ಬಾಳೆ ಗೊನೆ ಬಿಡುತ್ತದೆ.

ಶಾ ಬಿಟ್ಟುಹೋದ ನೆಲದ ಆದಾಯ ಇಷ್ಟನ್ನೆಲ್ಲ ಹೊರಲು ಕೊನೆಗೆ ಸಾಲದಾಯಿತು. 1983ರಲ್ಲಿ ನಗರ ಮತ್ತು ಕೌಂಟಿಯ ತೆರಿಗೆಯಿಂದ ನಡೆಯುವ ಮೃಗಾಲಯ-ವಸ್ತುಸಂಗ್ರಹಾಲಯ ವಿಭಾಗಕ್ಕೆ ತೋಟವೂ ಸೇರಿತು. ಅಂದಿನಿಂದ ಅಲ್ಲಿ ಆಸ್ತಿಯುಳ್ಳವರು ತಮ್ಮ ಆಸ್ತಿ ತೆರಿಗೆಯ ಜೊತೆಗೆ ಶಾ ತೋಟದ ಪಾಲನ್ನೂ ಕಟ್ಟುತ್ತಾರೆ.