ಏಪ್ರಿಲ್ 10ರ ಪತ್ರ

1887ರ ಮಾರ್ಚ್ 3ರಂದು ಅಮೆರಿಕದ ಅಲಬಾಮಾ ಪ್ರಾಂತ್ಯದ ಟಸ್ಕಂಬಿಯಾ ಎಂಬ ಊರಿಗೆ ಆನ್ ಸಲಿವನ್ ಎಂಬ ಇಪ್ಪತ್ತು ವರ್ಷದ ತರುಣಿ ಪಾಠ ಹೇಳಲು ಬಂದಳು. ಆಕೆಗೆ ಒಬ್ಬಳೇ ಶಿಷ್ಯೆ: ಕಣ್ಣು ಕಾಣದ, ಕಿವಿ ಕೇಳದ, ಇನ್ನೂ ಏಳು ತುಂಬದ ಹೆಲೆನ್ ಕೆಲರ್. ಉಪಾಧ್ಯಾಯಿನಿ ಸಿದ್ಧತೆಯಿಲ್ಲದೆ ಬಂದವಳಲ್ಲ. ಇಂಥದೇ ಸ್ಥಿತಿಯಲ್ಲಿದ್ದ ಲಾರಾ ಬ್ರಿಡ್ಜ್‌ಮನ್‌ಗೆ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯಲ್ಲಿ ಡಾ. ಹೋವ್ ಅವರು 1837ರಿಂದ ಕಲಿಸಿದ ಬಗೆಯ ವರದಿಗಳನ್ನೆಲ್ಲ ಓದಿಕೊಂಡಿದ್ದಳು.

ಗೊಂಬೆಯೊಂದನ್ನು ಕೊಟ್ಟು, ಅದರ ಹೆಸರನ್ನು ಬೆರಳ ಸಂಜ್ಞೆಗಳಿಂದ ಮಗುವಿನ ಅಂಗೈಯಲ್ಲಿ ಮೂಡಿಸಿದಳು. ಹೆಲೆನ್ ಅದನ್ನು ಅನುಕರಿಸಿದಳು. ಆದರೆ ಅದು ಹೆಸರು ಎಂಬ ಅರಿವು ಅವಳಿಗಿರಲಿಲ್ಲ. ಏಪ್ರಿಲ್ 5ರಂದು ಪಂಪಿನ ನೀರು ಕೈಮೇಲೆ ಹರಿಯುವಾಗ ಆ ಅರಿವು ಮೂಡಿದ ಕಥೆ ಎಲ್ಲರಿಗೂ ಗೊತ್ತು. ನಮಗೆ ಅದಕ್ಕಿಂತ ಮುಖ್ಯವೆನಿಸುವುದು ಐದು ದಿನಗಳ ನಂತರ ಸಲಿವನ್ ಬರೆದ ಪತ್ರ. ಹೆಲೆನಳ ಬಂಧುಗಳ ಹದಿನೈದು ತಿಂಗಳ ಕೂಸನ್ನು ಆಕೆ ಗಮನಿಸಿದ್ದಳು. ಮಾತು ಬರುವ ಮೊದಲೇ ಆ ಕೂಸಿಗೆ ಎಷ್ಟೋ ಅರ್ಥವಾಗುತ್ತಿತ್ತು. ಅದಕ್ಕೆ ಯಾರೂ ಪಾಠ ಹೇಳುತ್ತಿರಲಿಲ್ಲ, ಎಲ್ಲರೂ ಮಾತನಾಡಿಸುತ್ತಿದ್ದರು. ಸದ್ಯಕ್ಕೆ ಕ್ರಮಬದ್ಧ ಪಾಠಗಳನ್ನು ಬಿಡುವುದೆಂದು ಸಲಿವನ್ ನಿರ್ಧರಿಸಿದಳು. ಅಂದಿನಿಂದ ಪೂರ್ಣ ವಾಕ್ಯಗಳನ್ನೇ ಅಂಗೈಯಲ್ಲಿ ಮೂಡಿಸತೊಡಗಿದಳು.

ಹಾಗಾದರೆ ಯೋಜನೆಯೇ ಬೇಡವೇ? ಹಾಗಲ್ಲ. ಪುಸ್ತಕದಲ್ಲಿದ್ದ ಯೋಜನೆಯನ್ನು ಬಿಟ್ಟು, ಮಗುವನ್ನು ನೋಡಿ ಹೊಸದನ್ನು ಮಾಡಿಕೊಂಡಳು. ತರಗತಿಯ ನಲವತ್ತು ಮಕ್ಕಳ ಮುಂದೆ ನಿಂತವರಿಗೆ ಈ ಅವಕಾಶ ಕಡಿಮೆ. ಒಬ್ಬರಿಗೇ ಕಲಿಸುವವರಿಗೆ ಇದೇ ದೊಡ್ಡ ಅನುಕೂಲ.

ಇದನ್ನು ಓದಿದಾಗ ನಮಗೆ ಸ್ವಲ್ಪ ನಾಚಿಕೆಯೇ ಆಯಿತು. ಮನೆಯಲ್ಲಿ ಭಾನುವಾರ ಮಗನಿಗೆ ಕನ್ನಡ ಕಲಿಸಲು ವಾರಕ್ಕೆ ಐದಕ್ಷರವೆಂದು ಪಟ್ಟಿ ಹಾಕಿದ್ದೆವು. ಮೂರನೆಯ ವಾರಕ್ಕೆ ಅವನು ಮಂಚದ ಕೆಳಗೆ ಅಡಗಿದ. ಹುಡುಗನಿಗೆ ಶ್ರದ್ಧೆಯಿಲ್ಲವೆಂದು ಗೊಣಗಿದೆವು. ಪ್ರಯೋಗಶಾಲೆಯಲ್ಲಿ ಪ್ರಯೋಗ ಕೆಟ್ಟರೆ ನಾವು ರಾಸಾಯನಿಕವನ್ನು ಬೈಯುವುದಿಲ್ಲ, ವಿಧಾನವನ್ನು ತಿದ್ದುತ್ತೇವೆ. ಮನೆಯಲ್ಲಿ ಆ ಬುದ್ಧಿ ಎಲ್ಲಿ ಹೋಗಿತ್ತು?

ಈಗ ಪಾಠಕ್ಕೆ ಮುನ್ನ ಮೂರೇ ಸಾಲು ಬರೆದುಕೊಳ್ಳುತ್ತೇವೆ: ಅವನಿಗೆ ಏನು ಗೊತ್ತು, ಕಳೆದ ಸಲ ಎಲ್ಲಿ ಎಡವಿದ, ಇಂದಿನ ಒಂದು ಹೊಸ ಹೆಜ್ಜೆ ಯಾವುದು. 'ಊಟಕ್ಕೆ ಬಾ' ಎಂದರೆ ಅವನಿಗೆ ತಿಳಿಯುತ್ತದೆ. ಆದ್ದರಿಂದ ಮೊದಲು ಬರೆದ ಪದ 'ಊಟ'. ಅಕ್ಷರಮಾಲೆಯ ಸರದಿ ತಪ್ಪಿತು, ನಿಜ. ಆದರೆ ಮೊನ್ನೆ ಅಜ್ಜಿಯ ಹಳೆಯ ಕಾಗದದಲ್ಲಿ ಆ ಪದವನ್ನು ಅವನೇ ಹುಡುಕಿ ತೋರಿಸಿದ.

ಸಲಿವನ್ ಜೊತೆಗಿದ್ದು ಕಲಿಸಿದ ಹೆಲೆನ್ 1904ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಪದವಿ ಪಡೆದಳು. ನಮ್ಮ ಗುರಿ ಅಷ್ಟು ದೂರದ್ದಲ್ಲ: ಅಜ್ಜಿಯ ಕಾಗದವನ್ನು ಮೊಮ್ಮಗ ಪೂರ್ತಿ ಓದಬೇಕು.