ಹೊರನಾಡಿನ ಐರಿಷರೂ ಗೇಲಿಕ್ ಫುಟ್ಬಾಲೂ: ಕೌಂಟಿಯ ಅಭಿಮಾನದ ಚರಿತ್ರೆ

1884ರ ನವೆಂಬರ್ 1ರಂದು ಟಿಪ್ಪರರಿ ಸೀಮೆಯ ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಮೈಕಲ್ ಕ್ಯೂಸಾಕ್, ಮಾರಿಸ್ ಡೇವಿನ್ ಮೊದಲಾದ ಕೆಲವೇ ಮಂದಿ ಸೇರಿ ಗೇಲಿಕ್ ಅಥ್ಲೆಟಿಕ್ ಸಂಘವನ್ನು ಸ್ಥಾಪಿಸಿದಾಗ, ಐರಿಷ್ ಜನಾಂಗದ ದೊಡ್ಡದೊಂದು ಪಾಲು ಆಗಲೇ ಸಮುದ್ರದಾಚೆ ನೆಲೆಸಿದ್ದಿತು. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ತಗುಲಿದ ರೋಗದಿಂದ ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಮಡಿದು, ಹೆಚ್ಚುಕಡಿಮೆ ಅಷ್ಟೇ ಜನ ನಾಡು ಬಿಟ್ಟಿದ್ದರು. ಆ ಪ್ರವಾಹ ಅನಂತರವೂ ನಿಲ್ಲಲಿಲ್ಲ. ಆದಕಾರಣ ಈ ಸಂಘದ ಚರಿತ್ರೆಯನ್ನು ಐರ್ಲೆಂಡಿನ ನೆಲದಲ್ಲಿ ಮಾತ್ರ ಹುಡುಕಿದರೆ ಅದು ಅರ್ಧಚರಿತ್ರೆಯೇ ಆದೀತು.

ಆಂಗ್ಲರ ಕ್ರೀಡೆಗಳಿಗೆ ಪ್ರತಿಯಾಗಿ ಗೇಲಿಕ್ ಫುಟ್ಬಾಲಿನಂಥ ಸ್ವದೇಶಿ ಕ್ರೀಡೆಗಳನ್ನು ಎತ್ತಿಹಿಡಿದ ರಾಷ್ಟ್ರೀಯ ಆಂದೋಲನವೆಂದು ಈ ಸಂಘವನ್ನು ವಿವರಿಸುವುದು ವಾಡಿಕೆ. ಸ್ವದೇಶದ ಮಟ್ಟಿಗೆ ಈ ವಿವರಣೆ ಸತ್ಯ. 1920ರ ನವೆಂಬರ್ 21ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಪಂದ್ಯ ನಡೆಯುತ್ತಿದ್ದಾಗಲೇ ಬ್ರಿಟಿಷ್ ಪಡೆಗಳು ಗುಂಡು ಹಾರಿಸಿ, ಟಿಪ್ಪರರಿಯ ಆಟಗಾರ ಮೈಕಲ್ ಹೋಗನ್ನನೂ ಸೇರಿ 14 ಮಂದಿಯನ್ನು ಕೊಂದ ಮೇಲೆ ಆ ಮೈದಾನ ರಾಷ್ಟ್ರದ ಪುಣ್ಯಭೂಮಿಯೇ ಆಯಿತು. ಆದರೆ ವಲಸಿಗರ ವಿಷಯದಲ್ಲಿ ಇಷ್ಟೇ ಸಾಲದು. ನ್ಯೂಯಾರ್ಕಿಗೆ ಬಂದಿಳಿದವನನ್ನು ಆ ನಗರ ಒಟ್ಟಾಗಿ ‘ಐರಿಷ್’ ಎಂದು ಕರೆಯಿತು. ತಾನು ಕೆರಿ ಕೌಂಟಿಯವನು, ತಾನು ಕ್ಯಾವನ್ ಕೌಂಟಿಯವನು ಎಂದು ಹೇಳಿಕೊಳ್ಳುವುದಕ್ಕೆ ಅವನಿಗೆ ಉಳಿದ ಪ್ರಮುಖ ಸ್ಥಳಗಳಲ್ಲಿ ಫುಟ್ಬಾಲ್ ಮೈದಾನವೂ ಒಂದು. ಈ ಆಟ ಹೊರನಾಡಿನಲ್ಲಿ ಕಾಪಾಡಿದ್ದು ರಾಷ್ಟ್ರಾಭಿಮಾನಕ್ಕಿಂತ ಹೆಚ್ಚಾಗಿ ಊರಿನ ಅಭಿಮಾನವನ್ನು ಎಂಬುದು ನನ್ನ ಅಭಿಪ್ರಾಯ.

ಆಟದ ವ್ಯವಸ್ಥೆಯಲ್ಲೇ ಇದಕ್ಕೆ ಕಾರಣವುಂಟು. ಒಂದೊಂದು ಪಕ್ಷಕ್ಕೆ ಹದಿನೈದು ಮಂದಿ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ನಾಲ್ಕು ಹೆಜ್ಜೆಗೊಮ್ಮೆ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೆ ಪಾದದ ತುದಿಯಿಂದ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಗೋಲುಕಂಬಗಳ ನಡುವಿನ ಅಡ್ಡಪಟ್ಟಿಯ ಕೆಳಗೆ ಚೆಂಡು ಹೋದರೆ ಗೋಲು, ಅದಕ್ಕೆ ಮೂರು ಅಂಕ, ಮೇಲೆ ಹೋದರೆ ಸಾಮಾನ್ಯವಾಗಿ ಒಂದು. ಆಡುವವರಿಗೆ ಸಂಬಳವಿಲ್ಲ. ಒಂದು ಚರ್ಚಿಗೆ ಸೇರಿದ ಊರಾದ ತನ್ನ ಪ್ಯಾರಿಷ್ಷಿಗಾಗಿ, ಅದರಾಚೆಗೆ ನಮ್ಮ ಜಿಲ್ಲೆಯಂಥ ತನ್ನ ಕೌಂಟಿಗಾಗಿ ಆಡುವುದೇ ಸಂಪ್ರದಾಯವಾದುದರಿಂದ, ಹುಟ್ಟಿದ ನೆಲಕ್ಕೂ ಆಟಕ್ಕೂ ಬಿದ್ದ ಗಂಟು ಬಲವಾದುದು. ನ್ಯೂಯಾರ್ಕಿನಲ್ಲಿ ಕಟ್ಟಿದ ಕ್ಲಬ್ಬುಗಳೂ ಬಹುಮಟ್ಟಿಗೆ ಕೌಂಟಿಗಳ ಹೆಸರನ್ನೇ ಹೊತ್ತವು. ಬ್ರಾಂಕ್ಸ್ ಭಾಗದಲ್ಲಿ ರೈಲು ನಿಲ್ಲಿಸುವ ಅಂಗಳದ ಮಗ್ಗುಲಲ್ಲೇ ಇರುವ ಗೇಲಿಕ್ ಪಾರ್ಕಿಗೆ, ಕಟ್ಟಡದ ಕೆಲಸದವರೂ ಮನೆಗೆಲಸದ ಹೆಂಗಸರೂ ಭಾನುವಾರ ಬರುತ್ತಿದ್ದುದು ಪಂದ್ಯಕ್ಕಾಗಿ ಮಾತ್ರವಲ್ಲ. ಊರ ಸುದ್ದಿ, ಕೆಲಸದ ಸುಳಿವು, ಸಂಜೆಯ ನೃತ್ಯ, ಎಷ್ಟೋ ವೇಳೆ ಮದುವೆಯ ಸಂಬಂಧವೂ ಅಲ್ಲಿಯೇ ಕೂಡಿಬರುತ್ತಿದ್ದುವು.

ಕ್ಷಾಮದ ಅತಿಘೋರ ವರ್ಷಕ್ಕೆ ನೂರು ತುಂಬಿದ 1947ರಲ್ಲಿ, ಕ್ಲೇರ್ ಕೌಂಟಿಯ ಪಾದ್ರಿ ಮೈಕಲ್ ಹ್ಯಾಮಿಲ್ಟನ್ನರ ಒತ್ತಾಯದಿಂದ, ಸಂಘವು ಆ ವರ್ಷದ ಅಖಿಲ ಐರ್ಲೆಂಡ್ ಫುಟ್ಬಾಲಿನ ಅಂತಿಮ ಪಂದ್ಯವನ್ನು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಎಂಬಲ್ಲಿ ನಡೆಸಲು ಒಪ್ಪಿತು. ಅದು ಬೇಸ್‌ಬಾಲಿನ ಮೈದಾನ. ಚೆಂಡೆಸೆಯುವವನು ನಿಲ್ಲುವ ಮಣ್ಣಿನ ದಿಬ್ಬವನ್ನು ಹಾಗೆಯೇ ಬಿಟ್ಟಿದ್ದರು. ಸೆಪ್ಟೆಂಬರ್ 14ರ ಸೆಖೆಯಲ್ಲಿ, ಸುಮಾರು 35,000 ಜನರ ಮುಂದೆ, ಮೇಯೋ ಕೌಂಟಿಯಲ್ಲಿ ಹುಟ್ಟಿ ನ್ಯೂಯಾರ್ಕಿನ ಮೇಯರ್ ಪದವಿಗೇರಿದ ವಿಲಿಯಂ ಓಡ್ವೈಯರ್ ಉಪಸ್ಥಿತರಿದ್ದ ಆ ಪಂದ್ಯದಲ್ಲಿ, ಮೊದಲು ಬಹಳ ಹಿಂದೆ ಬಿದ್ದಿದ್ದ ಕ್ಯಾವನ್ ಚೇತರಿಸಿಕೊಂಡು 2 ಗೋಲು 11 ಅಂಕಗಳಿಂದ, 2 ಗೋಲು 7 ಅಂಕ ಗಳಿಸಿದ ಕೆರಿಯನ್ನು ಗೆದ್ದಿತು. ಸಮಾರಂಭಗಳಿಂದ ಆಟ ತಡವಾಗಿ, ಬಾನುಲಿಗೆ ಗೊತ್ತುಮಾಡಿದ್ದ ವೇಳೆ ಮುಗಿಯುತ್ತ ಬಂದಾಗ, ವಿವರಣೆಕಾರ ಮೈಕಲ್ ಓಹೆಹಿರ್ ಇನ್ನೈದು ನಿಮಿಷ ತಂತಿಯನ್ನು ಕತ್ತರಿಸಬೇಡಿರೆಂದು ಪ್ರಸಾರದ ನಡುವೆಯೇ ಅಂಗಲಾಚಿದನು, ತಂತಿ ಕಡಿಯಲಿಲ್ಲ. ಊರಿನ ಆಟದ ಸುದ್ದಿಗಾಗಿ ಹೊರನಾಡಿನವರು ಕಾಯುವುದು ರೂಢಿಯಾಗಿದ್ದರೆ, ಆ ದಿನ ಕ್ಯಾವನ್ನಿನ ಹಳ್ಳಿಹಳ್ಳಿಯೇ ಅಮೆರಿಕದ ದನಿಗೆ ಕಿವಿಗೊಟ್ಟು ಕುಳಿತಿತು. ಈ ಸಂಘದ ಇತಿಹಾಸದಲ್ಲಿ ಇದಕ್ಕಿಂತ ಹೃದಯಸ್ಪರ್ಶಿಯಾದ ಪ್ರಸಂಗವನ್ನು ನಾನು ಕಂಡಿಲ್ಲ.

1965ರ ಅಮೆರಿಕದ ವಲಸೆ ಕಾನೂನಿನ ತರುವಾಯ ಐರ್ಲೆಂಡಿನಿಂದ ಬರುವವರು ವಿರಳವಾದರು. ಕೌಂಟಿ ಕ್ಲಬ್ಬುಗಳು ಬೇಸಿಗೆಗೆಂದು ಊರಿನಿಂದ ಆಟಗಾರರನ್ನು ಕರೆಸಿಕೊಳ್ಳುವ ಸ್ಥಿತಿಗೆ ಬಂದುವು. ಆದರೆ ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ಮೆಲ್ಲಮೆಲ್ಲನೆ ಆಟಕ್ಕೆ ಇಳಿದರು. ಐರ್ಲೆಂಡಿನ ಕೊನಾಕ್ಟ್ ಪ್ರಾಂತದ ಸ್ಪರ್ಧೆಯಲ್ಲಿ 1999ರಿಂದ ಭಾಗವಹಿಸುತ್ತ ಸೋಲನ್ನಷ್ಟೇ ಕಂಡಿದ್ದ ನ್ಯೂಯಾರ್ಕ್ ತಂಡ, 2023ರ ಏಪ್ರಿಲಿನಲ್ಲಿ ಗೇಲಿಕ್ ಪಾರ್ಕಿನಲ್ಲಿಯೇ, ಪೆನಾಲ್ಟಿ ಒದೆತಗಳ ತೀರ್ಪಿನಿಂದ, ಮೊದಲ ಜಯವನ್ನು ಪಡೆಯಿತು. ಸೋತದ್ದು ಲೀಟ್ರಿಮ್: 1841ರಲ್ಲಿ ಸುಮಾರು 1,55,000 ಜನರಿದ್ದು, ಕ್ಷಾಮದಿಂದಲೂ ವಲಸೆಯಿಂದಲೂ ಬರಿದಾಗಿ, 2022ರ ಗಣತಿಯಲ್ಲಿ ಸುಮಾರು 35,000ಕ್ಕೆ ನಿಂತಿದ್ದ ಕೌಂಟಿ. ತಾನು ತನ್ನ ಜನರನ್ನು ಕಳುಹಿಸಿಕೊಟ್ಟಿದ್ದ ನಗರದ ತಂಡದ ಎದುರಿಗೇ ಅದು ಆಡಬೇಕಾಗಿ ಬಂದಿತ್ತು. ಮುಂದಿನ ಸುತ್ತಿನ ಆಟಕ್ಕಾಗಿ ನ್ಯೂಯಾರ್ಕಿನವರು ಐರ್ಲೆಂಡಿಗೆ ಹೋಗಿ, ಸ್ಲೈಗೊ ತಂಡಕ್ಕೆ ಸೋತು ಹಿಂದಿರುಗಿದರು.