ಸೇವಾ ಪುಸ್ತಕದಲ್ಲಿರುವ ಊರು

ದೆಹಲಿಗೆ ಹೊಸದಾಗಿ ಬಂದ ಕನ್ನಡಿಗನಿಗೆ ಇಲ್ಲಿಯ ಬಡಾವಣೆಗಳ ಹೆಸರು ಕೇಳಿ ಮೊದಲು ನಗು ಬರುತ್ತದೆ. ಯೂಸುಫ್ ಸರಾಯ್, ಬೇರ್ ಸರಾಯ್, ಲಾಡೋ ಸರಾಯ್, ಕಟ್ವಾರಿಯಾ ಸರಾಯ್. ಒಂದು ಊರಿಗೆ ಇಷ್ಟೊಂದು ಸಾರಾಯಿಯೇ ಎಂಬ ಹಾಸ್ಯವನ್ನು ನಮ್ಮಲ್ಲಿ ಪ್ರತಿ ತಲೆಮಾರೂ ತಾನೇ ಮೊದಲು ಹೇಳಿದೆನೆಂದು ತಿಳಿಯುತ್ತದೆ. ಸರಾಯ್ ಎಂದರೆ ಛತ್ರ. ಒಟ್ಟಾಗಿ ದೂರ ಸಾಗುವ ಪಯಣಿಗರ ತಂಡಕ್ಕೆ ಪಾರಸಿಯಲ್ಲಿ ಕಾರವಾನ್ ಎಂದು ಹೆಸರು. ಆ ತಂಡ ರಾತ್ರಿ ಇಳಿದುಕೊಳ್ಳುವ ಕಟ್ಟಡ ಕಾರವಾನ್ ಸರಾಯ್. ಅದೇ ಶಬ್ದ ಇಂಗ್ಲಿಷಿಗೆ ಹೋಗಿ ಕ್ಯಾರವಾನ್ ಆಯಿತು. ಮೆಲ್ಬರ್ನ್, ಸಿಡ್ನಿಗಳಲ್ಲಿ ನೆಲೆಸಿದ ನಮ್ಮವರು ಡಿಸೆಂಬರ್-ಜನವರಿಯ ಬೇಸಿಗೆ ರಜೆಯಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಕಡಲ ತಡಿಯುದ್ದಕ್ಕೂ ಎಳೆದೊಯ್ಯುವ ಗಾಲಿಯ ಮನೆಗೂ ಇಂದು ಅದೇ ಹೆಸರಿದೆ.

ದೆಹಲಿಯ ಕನ್ನಡ ಕುಟುಂಬಗಳೂ ಬೇಸಿಗೆಯಲ್ಲಿ ಕಡಲ ತಡಿಗೆ ಹೊರಡುತ್ತ ಬಂದಿವೆ. ಮನೆ ತಲುಪುವುದಕ್ಕೆಂದು ಹೊರಡುವ ಪಯಣ ಇದು. ಕರಾವಳಿಗೆ ಹೋಗುವ ರೈಲು ಹೊರಡುವ ಹಜರತ್ ನಿಜಾಮುದ್ದೀನ್ ನಿಲ್ದಾಣದ ಮಗ್ಗುಲಲ್ಲೇ ಸರಾಯ್ ಕಾಲೇ ಖಾನ್ ಇರುವುದು ಕಾಕತಾಳೀಯವಾದರೂ ಉಚಿತವಾಗಿದೆ. ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆಯುವವರು ಸಂಘ, ಶಾಲೆ, ರಾಜ್ಯೋತ್ಸವಗಳ ಚರಿತ್ರೆಯನ್ನು ಬರೆಯುತ್ತಾರೆ. ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘಕ್ಕೂ ಲೋಧಿ ಎಸ್ಟೇಟಿನ ಕನ್ನಡ ಶಾಲೆಗೂ ನಾವೆಲ್ಲ ಋಣಿಗಳೇ. ಆದರೆ ಇಲ್ಲಿ ಎರಡನೆಯ ತಲೆಮಾರಿನ ನಾಲಗೆಯ ಮೇಲೆ ಕನ್ನಡ ಉಳಿದದ್ದರಲ್ಲಿ ಬೇಸಿಗೆಯ ಈ ಪಯಣಕ್ಕೆ, ಅದರ ಖರ್ಚು ಹೊತ್ತ ಒಂದು ಸರ್ಕಾರಿ ಆದೇಶಕ್ಕೆ ಸಲ್ಲಬೇಕಾದ ಪಾಲು ಸಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ದೆಹಲಿಯಿಂದ ಕನ್ನಡ ಕರಾವಳಿಗೆ ಬಂದು ತನ್ನ ಪ್ರಯಾಣವನ್ನು ವಿವರವಾಗಿ ದಾಖಲಿಸಿದ ಹಳೆಯ ಪಯಣಿಗ ಇಬ್ನ್ ಬತೂತಾ. ಮಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆಂದು ಅವನು 1342ರ ಜುಲೈಯಲ್ಲಿ ದೆಹಲಿ ಬಿಟ್ಟ. ದೆಹಲಿಯಿಂದ ದೌಲತಾಬಾದಿಗೆ ನಲವತ್ತು ದಿನದ ಹಾದಿ, ಇಕ್ಕೆಲಗಳಲ್ಲೂ ಮರಗಳಿದ್ದು ಉದ್ಯಾನದಲ್ಲಿ ನಡೆದಂತಾಗುತ್ತದೆ ಎಂದು ಬರೆದಿದ್ದಾನೆ. ಕಾರ್ನಾಡರ ‘ತುಘಲಕ್’ ಓದಿದ ನಮಗೆ ಆ ಹಾದಿ ಉದ್ಯಾನವಾಗಿ ಕಾಣುವುದು ಕಷ್ಟ. ಆದರೆ ರಾಯಭಾರಿಗೂ ರಾಜಧಾನಿ ಬಿಟ್ಟು ಹೊರಡಿಸಲ್ಪಟ್ಟ ಪ್ರಜೆಗೂ ಒಂದೇ ರಸ್ತೆ ಬೇರೆ ಬೇರೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಮುಂದೆ ಗುಜರಾತಿನ ರೇವಿನಲ್ಲಿ ಹಡಗು ಹತ್ತಿದವನು ಗೋವಾ ದಾಟಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳಲ್ಲಿ ಇಳಿದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು, ಗಂಡುಮಕ್ಕಳಿಗೆ ಇಪ್ಪತ್ತಮೂರು ಪಾಠಶಾಲೆಗಳನ್ನು ಕಂಡು ಬೆರಗಾದ. ಕರಾವಳಿಯ ಹಾದಿಯುದ್ದಕ್ಕೂ ಅರ್ಧ ಮೈಲಿಗೊಂದರಂತೆ ಮರದ ತಂಗುಮನೆ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ ಇದ್ದವೆಂದೂ ಅಲ್ಲಿ ದೊರೆಯ ಹೊರತು ಯಾರೂ ಕುದುರೆಯೇರುವುದಿಲ್ಲವೆಂದೂ ಹೇಳುತ್ತಾನೆ. ಉಳ್ಳವರಿಗೆ ಪಲ್ಲಕ್ಕಿ, ಮಿಕ್ಕವರಿಗೆ ಕಾಲು. ಹೊಳೆಗೊಂದು ಊರು, ಊರಿಗೊಂದು ಹೊಳೆ ಇರುವ ಆ ನೆಲದಲ್ಲಿ ಬಂಡಿ ಓಡಿಸುವುದು ಸುಲಭವಿರಲಿಲ್ಲ. ಸೇತುವೆಗಳು ಬರುವವರೆಗೆ, ಅಂದರೆ ಇಪ್ಪತ್ತನೆಯ ಶತಮಾನದಲ್ಲಿ ಬಹಳ ದೂರದವರೆಗೂ, ಬಸ್ಸಿನಲ್ಲಿ ಬಂದವರು ದಡದಲ್ಲಿ ಇಳಿದು ದೋಣಿಯಲ್ಲಿ ದಾಟಿ ಆಚೆ ಇನ್ನೊಂದು ಬಸ್ಸು ಹಿಡಿಯುತ್ತಿದ್ದರು.

ರೈಲು ಬಂದಾಗಲೂ ಈ ಹೊಳೆಗಳೇ ದಾರಿಯನ್ನು ನಿರ್ಧರಿಸಿದವು. ಹೊಳೆಗಳಿಗಿಂತ ಹೆಚ್ಚಾಗಿ ಆಡಳಿತದ ಗಡಿಗಳು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ ಕಾರವಾರದ ಮುಖ ಮುಂಬಯಿಯ ಕಡೆಗೆ ತಿರುಗಿತು, ಮದರಾಸು ಪ್ರಾಂತ್ಯದಲ್ಲೇ ಉಳಿದ ಮಂಗಳೂರಿನದು ಮದರಾಸಿನ ಕಡೆಗೆ. 1907ರಲ್ಲಿ ಮಂಗಳೂರಿಗೆ ರೈಲು ಬಂದದ್ದು ದಕ್ಷಿಣದಿಂದ, ಮಲಬಾರಿನ ಹಾದಿಯಾಗಿ. ಅಲ್ಲಿಂದ ಉತ್ತರಕ್ಕೆ ಉಡುಪಿ, ಕುಂದಾಪುರ, ಹೊನ್ನಾವರ, ಕಾರವಾರಗಳು ಮುಂದಿನ ಎಂಟು ದಶಕಗಳಿಗೂ ಹೆಚ್ಚು ಕಾಲ ಹಳಿ ಕಾಣಲಿಲ್ಲ. 1929ರ ಜನವರಿಯಲ್ಲಿ ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ ಆರಂಭವಾದಾಗ ಅದರ ಒಂದು ತುದಿ ಪೇಷಾವರ, ಇನ್ನೊಂದು ತುದಿ ಮಂಗಳೂರು! ಸುಮಾರು 104 ಗಂಟೆಗಳ ಆ ಓಟ ಹೆಚ್ಚು ಕಾಲ ನಡೆಯಲಿಲ್ಲ. ರೈಲು ಬೇಗನೆ ದೆಹಲಿ-ಮದರಾಸಿಗೆ ಮೊಟಕಾಯಿತು. ಆದರೆ ದೆಹಲಿಯ ದಕ್ಷಿಣ ಕನ್ನಡಿಗನ ದಾರಿ ಮಾತ್ರ ದಶಕಗಳ ಕಾಲ ಬಹುತೇಕ ಅದೇ ಆಗಿ ಉಳಿಯಿತು: ಜಿ.ಟಿ.ಯಲ್ಲಿ ಮದರಾಸು, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಪಾಲ್ಘಾಟಿನ ಕಣಿವೆ ದಾಟಿ ಮಂಗಳೂರು. ಪಶ್ಚಿಮ ಕಡಲಿಗೆ ಹೋಗಬೇಕಾದವನು ಮೊದಲು ಪೂರ್ವ ಕಡಲನ್ನು ಮುಟ್ಟಿ ಬರಬೇಕು. ಮೂರು ರಾತ್ರಿ ರೈಲಿನಲ್ಲೇ ಕಳೆದು, ಹಿಂದಿ, ತೆಲುಗು, ತಮಿಳು, ಮಲಯಾಳಗಳನ್ನು ದಾಟಿ, ಕಾಸರಗೋಡು ಸಮೀಪಿಸಿದ ಮೇಲಷ್ಟೇ ಕಿಟಕಿಯಾಚೆ ಕನ್ನಡ ಕಿವಿಗೆ ಬೀಳುತ್ತಿತ್ತು.

ಇಂಥ ಪ್ರಯಾಣವನ್ನು ಗುಮಾಸ್ತರ, ಸ್ಟೆನೋಗಳ, ಸೆಕ್ಷನ್ ಆಫೀಸರರ ಕುಟುಂಬಗಳು ಎರಡು ವರ್ಷಕ್ಕೊಮ್ಮೆ ಕೈಗೊಳ್ಳುವುದನ್ನು ಸಾಧ್ಯವಾಗಿಸಿದ್ದು 1956ರ ಅಕ್ಟೋಬರ್ 11ರಂದು ಗೃಹ ಮಂತ್ರಾಲಯ ಹೊರಡಿಸಿದ ಆದೇಶ. ರಜಾ ಪ್ರಯಾಣ ರಿಯಾಯತಿ, ಅಂದರೆ ನಾವೆಲ್ಲ ಎಲ್‌ಟಿಸಿ ಎಂದು ಕರೆಯುವ ಸೌಲಭ್ಯ ಹುಟ್ಟಿದ್ದು ಅದರಿಂದ. ಮೊದಲಿಗೆ ಅದು ಸ್ವಂತ ಊರಿಗೆ ಹೋಗಿಬರುವುದಕ್ಕೆ ಮಾತ್ರ ಇತ್ತು; ದೇಶದಲ್ಲಿ ಎಲ್ಲಿಗಾದರೂ ಹೋಗಬಹುದೆಂಬ ಉದಾರತೆ ನಂತರದ್ದು. ಅದಾಗಿ ಮೂರೇ ವಾರಕ್ಕೆ, ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಾಯಿತು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಅದರ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಆ ಅಕ್ಟೋಬರಿನಲ್ಲಿ ಊರಿನ ಹೆಸರು ಬರೆದುಕೊಟ್ಟ ಕಾಸರಗೋಡಿನ ಕನ್ನಡಿಗನಿಗೆ ನವೆಂಬರಿನಲ್ಲಿ ಊರು ಅದೇ, ಮನೆ ಅದೇ, ರಾಜ್ಯ ಮಾತ್ರ ಬೇರೆ. ಅವನ ಮಕ್ಕಳು ಇಂದಿಗೂ ‘ಕರ್ನಾಟಕದಲ್ಲಿ ಯಾವ ಊರು?’ ಎಂಬ ಪ್ರಶ್ನೆಗೆ ಸ್ವಲ್ಪ ತಡೆದು ಉತ್ತರ ಹೇಳುತ್ತಾರೆ.

ಸೇವಾ ಪುಸ್ತಕದಲ್ಲಿ ಸ್ವಂತ ಊರನ್ನು ಘೋಷಿಸುವ ಆ ನಮೂದನ್ನು ಕುರಿತು ಒಂದೆರಡು ಮಾತು ಹೇಳಲೇಬೇಕು. ಸರ್ಕಾರದ ಭಾಷೆ ಶುಷ್ಕವೆಂದು ನಾವೇ ಹೇಳಿಕೊಳ್ಳುತ್ತೇವೆ. ಆದರೆ ಊರು ಎಂದರೇನು ಎಂಬುದನ್ನು ಎಲ್‌ಟಿಸಿ ನಿಯಮಗಳಷ್ಟು ಶ್ರದ್ಧೆಯಿಂದ ವಿಚಾರಿಸಿದವರು ಕಡಿಮೆ. ನೌಕರನು ಘೋಷಿಸಿದ ಊರನ್ನು ಮುಂದೆ ಬದಲಿಸಬೇಕೆಂದಾಗ ಇಲಾಖೆಯ ಮುಖ್ಯಸ್ಥ ಪರಿಶೀಲಿಸಬೇಕಾದ ಸಂಗತಿಗಳು ಇವು: ಕೌಟುಂಬಿಕ, ಸಾಮಾಜಿಕ ಕರ್ತವ್ಯಗಳಿಗಾಗಿ ಆಗಾಗ ಅವನು ಖುದ್ದಾಗಿ ಅಲ್ಲಿರಬೇಕಾಗುತ್ತದೆಯೆ, ಕೆಲಸಕ್ಕೆ ಸೇರಿದ ಮೇಲೆ ಅಲ್ಲಿಗೆ ಹೋಗಿ ಬರುತ್ತಿದ್ದಾನೆಯೆ, ಅಲ್ಲಿ ಅವನದೋ ಅವಿಭಕ್ತ ಕುಟುಂಬದ್ದೋ ಮನೆ ಇದೆಯೆ, ಹತ್ತಿರದ ಬಂಧುಗಳು ಅಲ್ಲಿ ವಾಸವಾಗಿದ್ದಾರೆಯೆ, ಕೆಲಸಕ್ಕೆ ಸೇರುವ ಮುನ್ನ ಅವನು ಅಲ್ಲಿ ಕೆಲವು ವರ್ಷ ಬಾಳಿದ್ದನೆ. ಇಡೀ ಸೇವಾವಧಿಯಲ್ಲಿ ಊರನ್ನು ಒಮ್ಮೆ ಮಾತ್ರ ಬದಲಿಸಬಹುದು. ಗಂಡ-ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾದರೆ ಇಬ್ಬರೂ ಬೇರೆ ಬೇರೆ ಊರನ್ನು ಘೋಷಿಸಿಕೊಳ್ಳಲು ಅಡ್ಡಿಯಿಲ್ಲ. ಒಂದೇ ಕ್ವಾರ್ಟರ್ಸಿನಲ್ಲಿ ಪುತ್ತೂರೂ ಪಟಿಯಾಲಾವೂ ಸಂಸಾರ ಮಾಡಿಕೊಂಡಿರುವ ಮನೆಗಳು ಆರ್.ಕೆ. ಪುರಂನಲ್ಲಿ ಅಪರೂಪವಲ್ಲ.

ರಜೆಯ ಲೆಕ್ಕ ಮಾತ್ರ ಎಂದೂ ಸರಿಹೊಂದಲಿಲ್ಲ. ದೆಹಲಿಯ ಶಾಲೆಗಳು ಮೇ ಎರಡನೆಯ ವಾರದ ಹೊತ್ತಿಗೆ ಮುಚ್ಚಿ ಜುಲೈಗೆ ತೆರೆಯುತ್ತವೆ. ಕರ್ನಾಟಕದ ರಜೆ ಏಪ್ರಿಲಿನಲ್ಲಿ ಆರಂಭವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಹೀಗಾಗಿ ದೆಹಲಿಯ ಮಕ್ಕಳಿಗೆ ಅಜ್ಜಿ ಮನೆಯಲ್ಲಿ ಓರಗೆಯವರ ಸಹವಾಸ ಸಿಗುವುದು ಹೆಚ್ಚೆಂದರೆ ಎರಡು ವಾರ. ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಆಸುಪಾಸಿಗೆ, ಪತ್ತನಾಜೆ; ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ತಡವಾಗಿ ಹೊರಟವರಿಗೆ ಒಂದು ಆಟವೂ ದಕ್ಕುತ್ತಿರಲಿಲ್ಲ. ಜೂನ್ ಬಂತೆಂದರೆ ಮಳೆ. ಭಾವ-ಮೈದುನ, ಅತ್ತಿಗೆಯ ಮಕ್ಕಳೆಲ್ಲ ಹೊಸ ಕೊಡೆ ಹಿಡಿದು ಶಾಲೆಗೆ ಹೋದರೆ ದೆಹಲಿಯ ಮಕ್ಕಳು ಜಗಲಿಯಲ್ಲಿ ಅಜ್ಜ-ಅಜ್ಜಿಯರ ಜೊತೆ ಉಳಿಯುತ್ತಿದ್ದರು. ಇದನ್ನು ನಷ್ಟವೆಂದು ಆಗ ಎಲ್ಲರೂ ಭಾವಿಸಿದ್ದರು. ಈಗ ಯೋಚಿಸಿದರೆ ಆ ಮಕ್ಕಳ ಕನ್ನಡದಲ್ಲಿ ಅಜ್ಜಂದಿರ ಕಾಲದ ಮಾತುಗಳು ಇನ್ನೂ ಇರುವುದಕ್ಕೆ ಈ ಹೊಂದದ ಕ್ಯಾಲೆಂಡರೇ ಕಾರಣವೆನ್ನಿಸುತ್ತದೆ. ದೆಹಲಿಯಲ್ಲಿ ಹುಟ್ಟಿದ ನಲವತ್ತರ ಹೆಂಗಸು ‘ಚಾವಡಿ’, ‘ಹಡಿ’, ‘ಅಟ್ಟಣಿಗೆ’ ಎಂದು ನಿರಾಯಾಸವಾಗಿ ಹೇಳುವುದನ್ನು ಕೇಳಿ ಬೆಂಗಳೂರಿನಿಂದ ಬಂದ ಅತಿಥಿಗಳು ಚಕಿತರಾಗುವುದನ್ನು ನಾವು ಕಂಡಿದ್ದೇವೆ.

ಇನ್ನು ರೈಲಿನೊಳಗಿನ ಬದುಕು. ಮೂರು ಅಂತಸ್ತಿನ ಬೋಗಿಯ ಎಂಟು ಬರ್ತುಗಳ ಒಂದು ಕಂಪಾರ್ಟ್‌ಮೆಂಟು ಎರಡು-ಮೂರು ದಿನಗಳ ಮಟ್ಟಿಗೆ ಮನೆಯೇ ಆಗುತ್ತಿತ್ತು. ಹೋಲ್ಡಾಲ್ ಬಿಚ್ಚಿದರೆ ಮಲಗುವ ಕೋಣೆ, ಸುತ್ತಿದರೆ ಪಡಸಾಲೆ. ಕಿಟಕಿಯ ಬಳಿ ನೀರಿನ ಕೂಜಾ. ಮೊದಲ ದಿನಕ್ಕೆ ಚಿತ್ರಾನ್ನ, ಮೊಸರನ್ನ, ಎರಡನೆಯ ದಿನಕ್ಕೆ ಚಪಾತಿ, ಚಟ್ನಿಪುಡಿ, ಆಮೇಲೆ ಗೊಜ್ಜವಲಕ್ಕಿ. ಮರಳುವಾಗ ಹೊರೆ ಇಮ್ಮಡಿ: ಹಲಸಿನ ಹಪ್ಪಳ, ಮಾವಿನ ಮಿಡಿ, ಕುಚ್ಚಲಕ್ಕಿ, ತೆಂಗಿನೆಣ್ಣೆಯ ಡಬ್ಬ. ಝಾನ್ಸಿಯ ಬಿಸಿಗಾಳಿಗೆ ಉಪ್ಪಿನಕಾಯಿಯ ಭರಣಿ ಬೆವರುತ್ತಿದ್ದುದನ್ನು ನೆನೆಸಿಕೊಳ್ಳದ ಹಿರಿಯರು ನಮ್ಮಲ್ಲಿಲ್ಲ.

ಬಯಲುಸೀಮೆಯವರಿಗೂ ಹಳೆಯ ಮೈಸೂರಿನವರಿಗೂ 1970ರ ದಶಕದಲ್ಲಿ ಕೇರಳ-ಕರ್ನಾಟಕ ಎಕ್ಸ್‌ಪ್ರೆಸ್ ಬಂತು. ಜೋಲಾರಪೇಟೆಯಲ್ಲಿ ಎರಡಾಗಿ ಸೀಳಿ ಒಂದು ಭಾಗ ಕೇರಳಕ್ಕೆ, ಒಂದು ಭಾಗ ಬೆಂಗಳೂರಿಗೆ ಹೋಗುತ್ತಿದ್ದ ಆ ರೈಲು ಮುಂದೆ ಎರಡು ಪ್ರತ್ಯೇಕ ರೈಲುಗಳಾದರೂ ಹಳಬರ ಬಾಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಇನ್ನೂ ಕೆ.ಕೆ.ಯೇ. ಕರಾವಳಿಯವರು ಕಾಯುತ್ತಲೇ ಇದ್ದರು.

ಅವರ ಕಾಯುವಿಕೆಗೆ ಕೊನೆ ಹಾಡಿದ್ದು ಕೊಂಕಣ ರೈಲ್ವೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ನಿಗಮ ಸ್ಥಾಪನೆಯಾಯಿತು, ಇ. ಶ್ರೀಧರನ್ ಅದರ ಅಧ್ಯಕ್ಷರಾದರು. ಕೇಂದ್ರ ಶೇ. 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6 ಪಾಲು ಹೊತ್ತವು. ಕೇರಳದ ನೆಲದಲ್ಲಿ ಈ ಹಳಿಯ ಒಂದು ಗಜವೂ ಇಲ್ಲವಾದರೂ ಅದು ಪಾಲು ಹಾಕಿತೆಂಬುದನ್ನು ಗಡಿ ಜಗಳಗಳ ನಡುವೆ ನಾವು ಮರೆಯಬಾರದು. ರೋಹಾದಿಂದ ತೋಕೂರಿನವರೆಗೆ ಸುಮಾರು 740 ಕಿ.ಮೀ., ತೊಂಬತ್ತರಷ್ಟು ಸುರಂಗಗಳು, ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿ.ಮೀ. ಮೀರಿದ ಸೇತುವೆ. 1998ರ ಜನವರಿ 26ಕ್ಕೆ ಇಡೀ ಹಾದಿ ತೆರೆಯಿತು. ಪ್ರಾಣ ತೆತ್ತ ಕಾರ್ಮಿಕರ ಸ್ಮಾರಕ ರತ್ನಾಗಿರಿಯಲ್ಲಿದೆ. ರೈಲಿನಿಂದ ಇಳಿದು ನೋಡುವವರು ವಿರಳ.

ಕಡಲ ತಡಿಯ ರೈಲು ಎಂದು ಹೆಸರಾದರೂ ಅದರಲ್ಲಿ ಕಡಲು ಕಾಣುವುದು ಅಪರೂಪ. ಕಾಣುವುದು ಹೊಳೆಗಳು: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಕುಂದಾಪುರದ ಬಳಿ ಗಂಗೊಳ್ಳಿ. ಗೋವಾ ಮುಗಿಯುತ್ತಲೇ ಅಸ್ನೋಟಿಯ ಚಿಕ್ಕ ನಿಲ್ದಾಣದಲ್ಲಿ ಕನ್ನಡದ ಬೋರ್ಡು ಸರಿದುಹೋಗುತ್ತದೆ. ಮದರಾಸಿನ ಹಾದಿಯಲ್ಲಿ ಕೊನೆಯ ಗಂಟೆಗಳಲ್ಲಿ ಸಿಗುತ್ತಿದ್ದ ಕನ್ನಡ ಈಗ ಕಾರವಾರಕ್ಕೂ ಮುಂಚೆಯೇ ಆರಂಭವಾಗಿ ಊರು ಬರುವವರೆಗೆ ಜೊತೆಗಿರುತ್ತದೆ. ಬತೂತಾ ಇಳಿದಿದ್ದ ಬಾರ್ಕೂರು ಈಗ ಸಣ್ಣ ನಿಲ್ದಾಣ. ನಿಜಾಮುದ್ದೀನಿನಿಂದ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಹತ್ತಿದರೆ ಮಂಗಳೂರಿಗೆ ಸುಮಾರು ನಲವತ್ತು ಗಂಟೆ. ಮರಳುವುದು ಜೂನ್ ಕೊನೆಗಾದರೆ ಮಳೆಗಾಲದ ವೇಳಾಪಟ್ಟಿ ಜಾರಿಗೆ ಬಂದಿರುತ್ತದೆ, ರೈಲಿನ ವೇಗ ತಗ್ಗಿರುತ್ತದೆ.

ದಾರಿ ಇಷ್ಟು ಹತ್ತಿರವಾದ ಹೊತ್ತಿಗೇ ಹೋಗುವವರು ಕಡಿಮೆಯಾಗತೊಡಗಿದರೆಂಬುದು ನಮ್ಮ ನಡುವಿನ ಅನುಭವ. ಮಂಗಳೂರಿಗೆ ವಿಮಾನವಿದೆ, ನಾಲ್ಕು ದಿನ ಹೋಗಿ ಮದುವೆಯೊಂದನ್ನು ಮುಗಿಸಿಕೊಂಡು ಬರುವುದು ಈಗಿನ ರೂಢಿ. ನಾಲ್ಕು ದಿನದಲ್ಲಿ ಮಗುವಿನ ಬಾಯಿಗೆ ಭಾಷೆ ಹತ್ತುವುದಿಲ್ಲ, ಹೆಚ್ಚೆಂದರೆ ನೀರು ದೋಸೆಯ ರುಚಿ ಹತ್ತುತ್ತದೆ. ಇನ್ನೊಂದು ಕಡೆ, ನಾಲ್ಕು ವರ್ಷದ ಅವಧಿಯಲ್ಲಿ ಸ್ವಂತ ಊರಿನ ಒಂದು ಎಲ್‌ಟಿಸಿಯನ್ನು ಈಶಾನ್ಯ ರಾಜ್ಯಗಳಿಗೋ ಜಮ್ಮು-ಕಾಶ್ಮೀರಕ್ಕೋ ಅಂಡಮಾನಿಗೋ ಪರಿವರ್ತಿಸಿಕೊಳ್ಳುವ ಅವಕಾಶವಿದೆ. ವಿಮಾನದ ಅರ್ಹತೆ ಇಲ್ಲದವರಿಗೂ ಅಲ್ಲಿಗೆ ವಿಮಾನದ ಸಡಿಲಿಕೆ ಇದೆ. ಮೇ ತಿಂಗಳ ಧಗೆಯಲ್ಲಿ ಶ್ರೀನಗರ ಬೇಡವೆನ್ನುವ ಮಕ್ಕಳುಂಟೆ? ಅಂಡಮಾನಿನಲ್ಲೂ ಕಡಲಿದೆ, ತೆಂಗಿದೆ. ಅಲ್ಲಿ ‘ಯಾವಾಗ ಬಂದೆ ಮಗಾ’ ಎಂದು ಕೇಳುವವರಿಲ್ಲ ಅಷ್ಟೆ. ಊರ ಮನೆ ಪಾಲಾಗಿದೆ, ಇಲ್ಲವೆ ಬೀಗ ಬಿದ್ದಿದೆ. ಆ ಪ್ರಶ್ನೆಗಳನ್ನು ಇಂದು ಯಾರಾದರೂ ಶ್ರದ್ಧೆಯಿಂದ ಕೇಳಿದರೆ ಎಷ್ಟು ಸೇವಾ ಪುಸ್ತಕಗಳ ನಮೂದು ನಿಂತೀತೋ!

ನಿವೃತ್ತಿಯಾದಾಗಲೂ ಊರಿಗೆ ಮರಳಿ ನೆಲೆಸಲು ಸರ್ಕಾರ ಪ್ರಯಾಣದ ಖರ್ಚು, ಸಾಮಾನು ಸಾಗಣೆಯ ವೆಚ್ಚ, ಜೊತೆಗೆ ಒಂದು ಇಡುಗಂಟನ್ನು ಕೊಡುತ್ತದೆ. ಕೆಲಸ ಮಾಡಿದ ಊರಿನಲ್ಲೇ ಅಥವಾ ಇಪ್ಪತ್ತು ಕಿ.ಮೀ. ಒಳಗೆ ಉಳಿದವರಿಗೆ ಈ ಇಡುಗಂಟು ಮೂರನೆಯ ಒಂದು ಭಾಗ ಮಾತ್ರ ಸಿಗುತ್ತಿತ್ತು. 2022ರ ಜನವರಿಯ ಆದೇಶದಲ್ಲಿ ಆ ದೂರದ ಷರತ್ತನ್ನು ತೆಗೆದುಹಾಕಿದರು. ವಾಸ ಬದಲಿಸಿದರೆ ಸಾಕು, ಕೊನೆಯ ತಿಂಗಳ ಮೂಲ ವೇತನದ ಶೇ. 80 ಪೂರ್ತಿ. ಆರ್.ಕೆ. ಪುರಂನ ಕ್ವಾರ್ಟರ್ಸಿನಿಂದ ದ್ವಾರಕಾದ ಫ್ಲ್ಯಾಟಿಗೆ ಹೋಗುವವನಿಗೂ ಕುಂದಾಪುರಕ್ಕೆ ಮರಳುವವನಿಗೂ ಈಗ ಇಡುಗಂಟು ಒಂದೇ. ಕಳೆದ ಎರಡು ವರ್ಷಗಳಲ್ಲಿ ನಮ್ಮ ಬಳಗದಲ್ಲಿ ನಿವೃತ್ತರಾದ ಐವರಲ್ಲಿ ನಾಲ್ವರು ದ್ವಾರಕಾ, ನೋಯ್ಡಾ, ಇಂದಿರಾಪುರಂಗಳಿಗೆ ಹೋದರು. ಐದನೆಯವರು ಸಾಮಾನನ್ನು ಲಾರಿಯಲ್ಲಿ ಕಳಿಸಿ, ನಿಜಾಮುದ್ದೀನಿನಲ್ಲಿ ರೈಲು ಹತ್ತಿದರು. ಗೊಜ್ಜವಲಕ್ಕಿ ಕಟ್ಟಿಕೊಂಡಿದ್ದರು.